ಲೋವರ್ ಆರ್ಮ್ ಬುಷ್ ಮನೆಯಲ್ಲೇ ಹಾಕಿದೆ, ಎಂಟೇ ತಿಂಗಳಿಗೆ ಹರಿಯಿತು: ಎಲ್ಲಿ ತಪ್ಪಿದೆ?

ತೋಟದ ದಾರಿ, ಹೊಸನಗರ

ಎಲ್ಲರಿಗೂ ನಮಸ್ಕಾರ. ನನ್ನದು ಹನ್ನೊಂದು ವರ್ಷದ ಪೆಟ್ರೋಲ್ ಕಾರು. ಒಂದು ಲಕ್ಷ ಕಿಲೋಮೀಟರಿಗೆ ಇನ್ನು ನಾಲ್ಕು ಸಾವಿರ ಬಾಕಿ. ಸಸ್ಪೆನ್ಷನ್ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಒಂದಾಗಿ ನಿಂತದ್ದು), ಹಿಂದೆ ಟಾರ್ಷನ್ ಬೀಮ್ (ಎರಡೂ ಚಕ್ರಗಳನ್ನು ಕೂಡಿಸುವ ಅಡ್ಡ ತೊಲೆ). ನಮ್ಮ ಕಡೆ ಓಡುವ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಇದೇ ಜಾತಿಯವು, ಆದ್ದರಿಂದ ಯಾವ ಕಂಪನಿಯದು ಎಂಬುದನ್ನು ಬಿಟ್ಟು ಓದಿದರೂ ಅರ್ಥವಾಗುತ್ತದೆ.

ಮನೆಯಿಂದ ಡಾಂಬರು ರಸ್ತೆಗೆ ಎರಡೂವರೆ ಕಿಲೋಮೀಟರ್ ಮಣ್ಣಿನ ದಾರಿ. ಮಳೆಗಾಲದಲ್ಲಿ ದಾರಿಯ ಮೇಲೆಯೇ ನೀರು ಹರಿದು ಮಣ್ಣೆಲ್ಲ ಕೊಚ್ಚಿ ಹೋಗುತ್ತದೆ, ಬರೀ ಕಲ್ಲು ಎದ್ದು ನಿಲ್ಲುತ್ತದೆ. ಕಳೆದ ವರ್ಷ ಎಡಚಕ್ರ ಹೊಂಡಕ್ಕೆ ಇಳಿದಾಗಲೆಲ್ಲ ಮಂದವಾದ ಒಂದು ‘ಟಕ್’ ಶಬ್ದ ಶುರುವಾಯಿತು. ಹುಲಿಕಲ್ ಘಾಟಿ ಇಳಿಯುವಾಗ ಬ್ರೇಕ್ ಒತ್ತಿದರೆ ಕಾರು ಎಡಕ್ಕೆ ವಾಲುತ್ತಿತ್ತು. ಟೈರಿನ ಒಳಅಂಚು ಬೇಗ ಸವೆಯಿತು. ಕೆಳಗೆ ಮಲಗಿ ನೋಡಿದರೆ ಎಡಗಡೆಯ ಲೋವರ್ ಆರ್ಮ್‌ನ, ಎಂದರೆ ಚಕ್ರವನ್ನು ಕಾರಿನ ತಳಕ್ಕೆ ಜೋಡಿಸುವ ತೋಳಿನ, ರಬ್ಬರ್ ಬುಷ್ ಸೀಳಿತ್ತು.

ಅಕ್ಟೋಬರಿನಲ್ಲಿ ನಾನೇ ಕೈ ಹಾಕಿದೆ. ಕಾರು ಎತ್ತಿ, ಎರಡೂ ಬದಿಗೆ ಸ್ಟ್ಯಾಂಡ್ ಕೊಟ್ಟು, ಚಕ್ರ ತೆಗೆದು, ಬಾಲ್ ಜಾಯಿಂಟಿನ (ಆರ್ಮ್‌ನ ಹೊರತುದಿಯನ್ನು ಚಕ್ರದ ಹಬ್ಬಿಗೆ ಸೇರಿಸುವ ಗುಂಡು ಕೀಲು) ಬೋಲ್ಟ್ ಬಿಚ್ಚಿ, ಎರಡೂ ಆರ್ಮ್ ಹೊರತೆಗೆದೆ. ಶಿವಮೊಗ್ಗದ ಒಂದು ಲೇತ್ ಅಂಗಡಿಯಲ್ಲಿ ಪ್ರೆಸ್ ಇಟ್ಟು ಹಳೆಯ ಬುಷ್‌ಗಳನ್ನು ತಳ್ಳಿ ಹೊಸದನ್ನು ಕೂರಿಸಿಕೊಟ್ಟರು. ಬಿಲ್ ಸಹಿತ ತೆಗೆದುಕೊಂಡ ಅಸಲಿ ಬುಷ್ ಅದು. ಮನೆಗೆ ತಂದು ಜೋಡಿಸಿ, ಎಲ್ಲ ಬೋಲ್ಟ್‌ಗಳನ್ನೂ ಗಟ್ಟಿಯಾಗಿ ಬಿಗಿದು, ಚಕ್ರ ಹಾಕಿ ಇಳಿಸಿದೆ. ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್ ಕೂಡ ಮಾಡಿಸಿದೆ. ಕಾರು ಹೊಸದರಂತೆ ಓಡಿತು.

ಈಗ ಜೂನ್. ಅದೇ ಶಬ್ದ ಮರಳಿ ಬಂದಿದೆ. ನೋಡಿದರೆ ಎಡಗಡೆಯ ಮುಂದಿನ ಬುಷ್‌ನಲ್ಲಿ ರಬ್ಬರು ಒಳಗಿನ ಕಬ್ಬಿಣದ ನಳಿಗೆಯಿಂದ ಅರ್ಧಚಂದ್ರದಂತೆ ಬಿಟ್ಟುಕೊಂಡಿದೆ. ಬಲಗಡೆಯದೂ ಸೀಳಲು ಶುರುವಾಗಿದೆ. ಹಳೆಯದು ಹತ್ತು ವರ್ಷ ಬಾಳಿತ್ತು, ಇದು ಎಂಟು ತಿಂಗಳು. ಅಂಗಡಿಯವರು ‘ಈಗಿನ ರಬ್ಬರೇ ಹಾಗೆ’ ಎನ್ನುತ್ತಾರೆ. ನನಗೆ ಒಪ್ಪಿಗೆಯಾಗುತ್ತಿಲ್ಲ. ತಿಳಿದವರು ಹೇಳಿ.

ಸಾಗರ ಟ್ಯಾಕ್ಸಿ

ಸರ್, ನಾನು ಹದಿನಾರು ವರ್ಷದಿಂದ ಟ್ಯಾಕ್ಸಿ ಓಡಿಸುತ್ತಿದ್ದೇನೆ. ಜೋಗ, ಹೊನ್ನಾವರ, ಕೊಲ್ಲೂರು, ಹೀಗೆ ದಿನವೂ ಘಟ್ಟದ ಓಡಾಟ. ಬುಷ್ ಮಾತ್ರ ಬದಲಾಯಿಸುವ ಕೆಲಸಕ್ಕೆ ನಾನು ಹೋಗುವುದೇ ಇಲ್ಲ. ಆರ್ಮ್ ಪೂರ್ತಿ ಹೊಸದು ಹಾಕಿಸುತ್ತೇನೆ. ಬುಷ್, ಬಾಲ್ ಜಾಯಿಂಟ್ ಎಲ್ಲವೂ ಅದರಲ್ಲೇ ಕೂತು ಬರುತ್ತವೆ. ಪ್ರೆಸ್ ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಲಕ್ಷದ ಹತ್ತಿರ ಓಡಿದ ಕಾರಿನಲ್ಲಿ ಬಾಲ್ ಜಾಯಿಂಟ್ ಕೂಡ ದಣಿದಿರುತ್ತದೆ, ಬುಷ್ ಒಂದನ್ನೇ ಹೊಸದು ಮಾಡಿದರೆ ಆರು ತಿಂಗಳಿಗೆ ಇನ್ನೊಮ್ಮೆ ಅದೇ ಬೋಲ್ಟ್ ಬಿಚ್ಚಬೇಕು.

ಆದರೂ ಎಂಟು ತಿಂಗಳು ಬಹಳ ಕಡಿಮೆಯೇ. ನಕಲಿ ಮಾಲು ಇರಬಹುದೇ, ಡಬ್ಬದ ಮೇಲಿನ ಮುದ್ರೆಯನ್ನು ಇನ್ನೊಮ್ಮೆ ನೋಡಿ.

ಗೋಪಾಳದ ಶಿಕ್ಷಕಿ, ಶಿವಮೊಗ್ಗ

ಮಧ್ಯೆ ಬಂದು ಕೇಳುತ್ತಿದ್ದೇನೆ, ಕ್ಷಮಿಸಿ. ನನ್ನ ಕಾರಿನಲ್ಲೂ ಶಬ್ದವಿದೆ. ಬೆಳಿಗ್ಗೆ ಗೇಟಿನಿಂದ ಹಿಂದಕ್ಕೆ ತೆಗೆದು ಬ್ರೇಕ್ ಹಿಡಿದಾಗ ಒಮ್ಮೊಮ್ಮೆ ಕೇಳಿಸುತ್ತದೆ. ಸಣ್ಣ ಸಣ್ಣ ಉಬ್ಬುಗಳ ಮೇಲೆ ನಿಧಾನವಾಗಿ ಹೋದರೆ ಕಟಕಟ ಎನ್ನುತ್ತದೆ, ವೇಗವಾಗಿ ಹೋದರೆ ಇಲ್ಲ. ಗ್ಯಾರೇಜಿನಲ್ಲಿ ‘ಎರಡೂ ಆರ್ಮ್, ಎರಡೂ ಶಾಕ್ ಅಬ್ಸಾರ್ಬರ್ ಹೋಗಿವೆ’ ಎಂದರು. ಕಾರು ಎತ್ತಿಯೂ ನೋಡಲಿಲ್ಲ. ಮುಂದಿನ ವಾರ ಅಮ್ಮನನ್ನು ಶೃಂಗೇರಿಗೆ ಕರೆದುಕೊಂಡು ಹೋಗಬೇಕು. ಈ ಬುಷ್ ಹರಿದರೆ ದಾರಿಯಲ್ಲಿ ಚಕ್ರ ಕಳಚುವಂಥ ಅಪಾಯ ಇದೆಯೇ?

ಭದ್ರಾವತಿ ಫಿಟ್ಟರ್

ಹೊಸನಗರದವರಿಗೆ ಮೊದಲು ಒಂದೇ ಪ್ರಶ್ನೆ. ಆರ್ಮ್‌ನ ಬೋಲ್ಟ್‌ಗಳನ್ನು ಕೊನೆಯ ಬಿಗಿ ಬಿಗಿದಾಗ ಚಕ್ರ ಎಲ್ಲಿತ್ತು? ನೆಲದ ಮೇಲೋ, ಗಾಳಿಯಲ್ಲೋ?

ಶಿಕ್ಷಕಿಯವರಿಗೆ: ಅಮ್ಮಾ, ಬುಷ್ ಹರಿದರೆ ಕಾರು ಶಬ್ದ ಮಾಡುತ್ತದೆ, ಅಡ್ಡಾದಿಡ್ಡಿ ಎಳೆಯುತ್ತದೆ, ಟೈರು ತಿನ್ನುತ್ತದೆ. ಆರ್ಮ್ ಮಾತ್ರ ಬೋಲ್ಟಿಗೆ ಸಿಕ್ಕಿಕೊಂಡೇ ಇರುವುದರಿಂದ ಸಾಮಾನ್ಯವಾಗಿ ಒಮ್ಮೆಲೇ ಕಳಚುವುದಿಲ್ಲ. ಹೆದರಬೇಕಾದದ್ದು ಬಾಲ್ ಜಾಯಿಂಟಿಗೆ. ಅದು ಸಾಕೆಟ್ಟಿನಿಂದ ಕಳಚಿದರೆ ಚಕ್ರ ಹೊರಕ್ಕೆ ಮಡಚಿ ಕಾರು ಕೂತುಬಿಡುತ್ತದೆ. ಆದ್ದರಿಂದ ಪ್ರಯಾಣಕ್ಕೆ ಮೊದಲು ಅದನ್ನು ನೋಡಿಸಿ. ಕಾರನ್ನು ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚಕ್ರದ ಕೆಳಗೆ ಹಾರೆ ಕೊಟ್ಟು ಮೀಟುತ್ತ ಬಾಲ್ ಜಾಯಿಂಟಿನ ಮೇಲೆ ಬೆರಳಿಟ್ಟರೆ ಸಡಿಲ ಇದ್ದದ್ದು ಬೆರಳಿಗೇ ತಿಳಿಯುತ್ತದೆ. ಸಡಿಲ ಕಂಡರೆ ಶೃಂಗೇರಿ ಇರಲಿ, ಪೇಟೆಗೂ ತೆಗೆಯಬೇಡಿ.

ನೀವು ಹೇಳಿದ ಶಬ್ದದಲ್ಲಿ ಎರಡು ಬೇರೆ ಬೇರೆ ಸುಳಿವು ಇವೆ. ನಿಧಾನದಲ್ಲಿ, ಸಣ್ಣ ಉಬ್ಬುಗಳಲ್ಲಿ ಕಟಕಟ ಎಂದರೆ ನನಗೆ ಮೊದಲ ಅನುಮಾನ ಸ್ಟೆಬಿಲೈಸರ್ ಲಿಂಕ್ ರಾಡ್ ಮೇಲೆ, ಎಂದರೆ ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಅಡ್ಡ ಕಂಬಿಯನ್ನು ಚಕ್ರದ ಬದಿಗೆ ಜೋಡಿಸುವ ಸಣ್ಣ ಕಡ್ಡಿಯ ಮೇಲೆ. ಬ್ರೇಕ್ ಹಿಡಿದಾಗ ಒಂದೇ ಒಂದು ಮಂದ ಪೆಟ್ಟು ಎಂದರೆ ಆರ್ಮ್ ಬುಷ್. ಸ್ಟೀರಿಂಗ್ ತಿರುಗಿಸುವಾಗ ಮೇಲಿನಿಂದ ಶಬ್ದ ಬಂದರೆ ಸ್ಟ್ರಟ್ ಮೌಂಟ್. ಕಾರು ಎತ್ತದೆ, ಹಾರೆ ಹಾಕದೆ ಇದನ್ನೆಲ್ಲ ಹೇಳಲು ಯಾರಿಂದಲೂ ಆಗದು. ಎತ್ತಿ ನೋಡದೆ ಪಟ್ಟಿ ಬರೆದುಕೊಟ್ಟವರ ಮಾತಿಗೆ ಹಣ ಕೊಡಬೇಡಿ.

ತೋಟದ ದಾರಿ, ಹೊಸನಗರ

ಗಾಳಿಯಲ್ಲಿತ್ತು. ಎರಡೂ ಕಡೆ ಕಾರು ಸ್ಟ್ಯಾಂಡ್ ಮೇಲಿತ್ತು, ಚಕ್ರ ತೆಗೆದಿತ್ತು. ಕೆಳಗೆ ಕೈಯಾಡಿಸಲು ಜಾಗ ಇದ್ದದ್ದೇ ಆಗ. ಉದ್ದ ಪೈಪ್ ಹಾಕಿ ಬಿಗಿದಿದ್ದೆ.

ಭದ್ರಾವತಿ ಫಿಟ್ಟರ್

ಹಾಗಾದರೆ ನಿಮ್ಮ ಬುಷ್ ನಕಲಿಯಲ್ಲ, ರಬ್ಬರೂ ಕೆಟ್ಟದ್ದಲ್ಲ. ಬಿಡಿಸಿ ಬರೆಯುತ್ತೇನೆ, ಏಕೆಂದರೆ ಈ ಒಂದು ಸಂಗತಿಯನ್ನು ಬಿಟ್ಟು ಉಳಿದೆಲ್ಲವನ್ನೂ ಸರಿಯಾಗಿ ಮಾಡಿದವರನ್ನು ನಾನು ಬಹಳ ಕಂಡಿದ್ದೇನೆ.

ನಾವು ಬುಷ್ ಎಂದರೆ ಮೊದಲು ನೆನೆಯುವುದು ಪಂಪಿನ ಬುಷ್, ಮೋಟಾರಿನ ಬುಷ್. ಅಲ್ಲಿ ಶಾಫ್ಟ್ ಬುಷ್‌ನೊಳಗೆ ಜಾರಿ ತಿರುಗುತ್ತದೆ. ಕಾರಿನ ಆರ್ಮ್‌ನ ರಬ್ಬರ್ ಬುಷ್ ಹಾಗಲ್ಲ. ಹೊರಗೆ ಒಂದು ಕಬ್ಬಿಣದ ಬಳೆ, ಒಳಗೆ ಒಂದು ಕಬ್ಬಿಣದ ನಳಿಗೆ, ನಡುವೆ ಎರಡಕ್ಕೂ ಬೆಸೆದುಕೊಂಡ ರಬ್ಬರು. ಹೊರಬಳೆ ಆರ್ಮ್‌ನ ಕಣ್ಣಿನಲ್ಲಿ ಬಿಗಿಯಾಗಿ ಕೂತಿರುತ್ತದೆ. ಬೋಲ್ಟ್ ಬಿಗಿದಾಗ ಒಳನಳಿಗೆಯ ಎರಡೂ ತುದಿ ಸಬ್‌ಫ್ರೇಮಿನ (ಕಾರಿನ ತಳದಲ್ಲಿ ಆರ್ಮ್‌ಗಳನ್ನು ಹಿಡಿದಿರುವ ಚೌಕಟ್ಟು) ಕಿವಿಗಳ ನಡುವೆ ಕಚ್ಚಿಕೊಳ್ಳುತ್ತದೆ. ಆಮೇಲೆ ಅಲ್ಲಿ ಯಾವುದೂ ಜಾರುವುದಿಲ್ಲ, ತಿರುಗುವುದಿಲ್ಲ. ಚಕ್ರ ಮೇಲೆ ಕೆಳಗೆ ಆಡಿದಷ್ಟೂ ರಬ್ಬರು ತಿರುಚಿಕೊಳ್ಳುತ್ತದೆ, ಮತ್ತೆ ಬಿಚ್ಚಿಕೊಳ್ಳುತ್ತದೆ. ಒದ್ದೆ ಬಟ್ಟೆ ಹಿಂಡಿ ಬಿಟ್ಟ ಹಾಗೆ.

ಈಗ ಲೆಕ್ಕ ನೋಡಿ. ಆರ್ಮ್ ಸುಮಾರು 300 ಮಿಲಿಮೀಟರ್ ಉದ್ದ ಎನ್ನಿ. ಕಾರು ಎತ್ತಿದಾಗ ಚಕ್ರ 80 ಮಿಲಿಮೀಟರ್ ಕೆಳಗೆ ಜೋತು ಬೀಳುತ್ತದೆ ಎನ್ನಿ. ಆರ್ಮ್ ಸುಮಾರು 15 ಡಿಗ್ರಿ ಕೆಳಗೆ ವಾಲಿತು. ಆ ಭಂಗಿಯಲ್ಲಿ ಬೋಲ್ಟ್ ಬಿಗಿದರೆ ರಬ್ಬರಿಗೆ ಅದೇ ವಿಶ್ರಾಂತಿಯ ಜಾಗವಾಗುತ್ತದೆ. ಕಾರು ಇಳಿಸಿದ ಕ್ಷಣದಿಂದ ಅದು 15 ಡಿಗ್ರಿ ತಿರುಚಿಕೊಂಡೇ ನಿಂತಿರುತ್ತದೆ. ಹಗಲು ರಾತ್ರಿ, ಅಂಗಳದಲ್ಲಿ ಸುಮ್ಮನೆ ನಿಂತಾಗಲೂ. ಆಮೇಲೆ ಹೊಂಡಕ್ಕೆ ಬಿದ್ದು ಚಕ್ರ ಮೇಲೆ ಒದ್ದರೆ ಇನ್ನೊಂದು 10 ಡಿಗ್ರಿ ಸೇರುತ್ತದೆ. ರಬ್ಬರು ಸೀಳುವುದು ಬೆಸುಗೆಯ ಅಂಚಿನಲ್ಲಿ, ಒಳನಳಿಗೆಯ ಬದಿಯಿಂದ. ನೀವು ಅರ್ಧಚಂದ್ರ ಎಂದದ್ದು ಅದೇ.

ಬೋಲ್ಟ್‌ಗಳನ್ನು ಗಾಳಿಯಲ್ಲಿ ಕೈಬಿಗಿ ಮಾಡಿ ಬಿಡಬೇಕು. ಕಾರಿನ ಪೂರ್ತಿ ತೂಕ ಚಕ್ರದ ಮೇಲೆ ಕೂತ ನಂತರವೇ ಕೊನೆಯ ಬಿಗಿ. ಸರ್ವೀಸ್ ಪುಸ್ತಕಗಳಲ್ಲಿ ಇದನ್ನು ಒಂದೇ ಸಾಲಿನಲ್ಲಿ ಬರೆದಿರುತ್ತಾರೆ, ಕಣ್ಣು ತಪ್ಪಿಸಿ ಹೋಗುತ್ತದೆ.

ಕೊಪ್ಪದ ಕಾಫಿ ಗಿಡ

ಹಿರಿಯರ ಮೇಲೆ ಗೌರವ ಇಟ್ಟುಕೊಂಡೇ ಕೇಳುತ್ತೇನೆ. ಗ್ಯಾರೇಜುಗಳಲ್ಲಿ ಎರಡು ಕಂಬದ ಲಿಫ್ಟಿನ ಮೇಲೆ ಕಾರು ಎತ್ತಿ, ಚಕ್ರ ಜೋತಾಡುವಾಗಲೇ ಬಿಗಿದು ಇಳಿಸಿ ಕಳಿಸುತ್ತಾರೆ. ನಾನೇ ಕಣ್ಣಾರೆ ಕಂಡಿದ್ದೇನೆ. ಹಾಗಿದ್ದರೆ ಆ ಕಾರುಗಳ ಬುಷ್ ಎಲ್ಲ ಎಂಟು ತಿಂಗಳಿಗೇ ಹೋಗಬೇಕಲ್ಲ? ನನ್ನ ಜೀಪಿನ ಹಿಂದಿನ ಪಟ್ಟೆಯ (ಲೀಫ್ ಸ್ಪ್ರಿಂಗಿನ) ಬುಷ್‌ಗಳನ್ನು ಅದೇ ರೀತಿ ಹಾಕಿದ್ದಾರೆ, ನಾಲ್ಕು ವರ್ಷವಾಯಿತು, ಏನೂ ಆಗಿಲ್ಲ.

ಭದ್ರಾವತಿ ಫಿಟ್ಟರ್

ಒಳ್ಳೆಯ ಪ್ರಶ್ನೆ. ಬುಷ್ ಎಲ್ಲವೂ ಒಂದೇ ಅಲ್ಲ. ಜೀಪಿನ ಪಟ್ಟೆಗೆ ಕೆಲವೆಡೆ ಎರಡು ತುಂಡಿನ ರಬ್ಬರು ಬರುತ್ತದೆ, ಅದು ಬೆಸೆದದ್ದಲ್ಲ, ತುಸು ಜಾರುತ್ತದೆ. ಅದಕ್ಕೆ ಭಂಗಿಯ ಹಂಗು ಕಡಿಮೆ. ಕಾರುಗಳಲ್ಲೂ ಆರ್ಮ್‌ನ ಹಿಂದಿನ ಬುಷ್‌ನ ಬೋಲ್ಟ್ ನೆಟ್ಟಗೆ ಮೇಲೆ ಕೆಳಗೆ ನಿಂತಿದ್ದರೆ, ಚಕ್ರದ ಏರಿಳಿತಕ್ಕೆ ಅದು ಅಷ್ಟು ತಿರುಚಿಕೊಳ್ಳುವುದಿಲ್ಲ. ಕಾರಿನ ಉದ್ದದ ದಿಕ್ಕಿನಲ್ಲಿ ಮಲಗಿರುವ ಬೋಲ್ಟ್‌ಗಳೇ ಮುಖ್ಯ. ಹೊಸನಗರದವರ ಕಾರಿನಲ್ಲಿ ಹರಿದದ್ದು ಮುಂದಿನ ಬುಷ್ ಎಂಬುದನ್ನು ಗಮನಿಸಿ.

ಇನ್ನೊಂದು, ಒಳ್ಳೆಯ ಗ್ಯಾರೇಜಿನವರು ಲಿಫ್ಟಿನ ಮೇಲೆ ಕೈಬಿಗಿ ಮಾಡಿ, ಕೊನೆಯ ಬಿಗಿಯನ್ನು ಅಲೈನ್‌ಮೆಂಟ್ ರ‍್ಯಾಂಪಿನ ಮೇಲೆ ಮಾಡುತ್ತಾರೆ. ಅಲ್ಲಿ ಕಾರು ತನ್ನ ಚಕ್ರಗಳ ಮೇಲೇ ನಿಂತಿರುತ್ತದೆ, ಕೆಳಗೆ ಮನುಷ್ಯ ನಿಂತು ಕೆಲಸ ಮಾಡುವಷ್ಟು ಜಾಗವೂ ಇರುತ್ತದೆ. ಮನೆಯಲ್ಲಿ ಮಾಡುವವರಿಗೂ ಇದೊಂದು ದಾರಿ. ಆದರೆ ಕೈಬಿಗಿಯಲ್ಲಿ ರ‍್ಯಾಂಪಿನವರೆಗೆ ಓಡಿಸಿಕೊಂಡು ಹೋಗಬೇಡಿ. ಸಾಧಾರಣ ಬಿಗಿದು ಹೋಗಿ, ಅಲ್ಲಿ ಬೋಲ್ಟನ್ನು ಒಮ್ಮೆ ಸಡಿಲಿಸಿ, ಕಾರನ್ನು ಎರಡು ಮೂರು ಸಲ ಒತ್ತಿ ಕುಣಿಸಿ, ಮತ್ತೆ ಬಿಗಿಸಿ. ಆಮೇಲೆ ಅಲೈನ್‌ಮೆಂಟ್. ಹಿಂದು ಮುಂದಾದರೆ ಅಲೈನ್‌ಮೆಂಟಿಗೆ ಕೊಟ್ಟ ಹಣ ನೀರಿಗೆ ಹೋಯಿತು.

ಆಗುಂಬೆ ತಿರುವು

ಇಲ್ಲಿ ಮಳೆ ಎಂದರೆ ಎಲ್ಲರಿಗೂ ಗೊತ್ತು, ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಸುರಿಯುವ ಊರು. ಮಳೆಗಾಲಕ್ಕೆ ಮೊದಲು ಕಾರಿನ ತಳಕ್ಕೆ ಹಳೆಯ ಎಂಜಿನ್ ಆಯಿಲ್ ಹೊಡೆಸುವುದು ನಮ್ಮಲ್ಲಿ ವಾಡಿಕೆ, ತುಕ್ಕು ಹಿಡಿಯುವುದಿಲ್ಲ ಎಂದು. ಡೀಸೆಲ್ ಬೆರೆಸಿಯೂ ಹೊಡೆಯುತ್ತಾರೆ. ಇದರಿಂದ ಬುಷ್‌ಗೆ ತೊಂದರೆ ಇದೆಯೇ? ನನ್ನ ಕಾರಿನ ಸ್ಟೆಬಿಲೈಸರ್ ಬುಷ್ ಎರಡು ಬಾರಿ ಮೆತ್ತಗಾಗಿ, ಉಬ್ಬಿ ಹೊರಗೆ ಬಂದಿತ್ತು.

ಭದ್ರಾವತಿ ಫಿಟ್ಟರ್

ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ಈ ಬುಷ್‌ಗಳಲ್ಲಿ ಹೆಚ್ಚಿನವು ನೈಸರ್ಗಿಕ ರಬ್ಬರು. ಎಂಜಿನ್ ಆಯಿಲ್, ಡೀಸೆಲ್, ಸಾಧಾರಣ ಗ್ರೀಸ್, ಇವುಗಳನ್ನು ಅದು ಹೀರಿಕೊಂಡು ಉಬ್ಬುತ್ತದೆ, ಮೆತ್ತಗಾಗುತ್ತದೆ, ಬಲ ಕಳೆದುಕೊಳ್ಳುತ್ತದೆ. ತಳಕ್ಕೆ ತುಕ್ಕು ನಿರೋಧಕ ಲೇಪನ ಬೇಕಿದ್ದರೆ ಸರಿಯಾದದ್ದನ್ನೇ ಹಾಕಿಸಿ, ರಬ್ಬರು ಇರುವ ಜಾಗಗಳನ್ನು ಮುಚ್ಚಿಸಿ. ಹೊಸ ಬುಷ್ ಕೂರಿಸುವಾಗ ಜಾರಲಿ ಎಂದು ಆಯಿಲ್ ಸವರುವುದೂ ಇದೇ ತಪ್ಪು. ಸೋಪಿನ ನೀರು ಸಾಕು, ಒಣಗಿದ ಮೇಲೆ ಏನೂ ಉಳಿಯುವುದಿಲ್ಲ.

ಮಳೆಗಾಲ ಮುಗಿದ ಮೇಲೆ ತಳಕ್ಕೆ ಬರೀ ನೀರು ಹೊಡೆಸಿ ಕೆಂಪು ಮಣ್ಣು ಬಿಡಿಸಿ. ಆರ್ಮ್‌ಗೂ ಸಬ್‌ಫ್ರೇಮಿಗೂ ನಡುವೆ ಮೆತ್ತಿಕೊಂಡ ಆ ಮಣ್ಣು ತಿಂಗಳುಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಬೋಲ್ಟ್ ಒಳನಳಿಗೆಗೆ ತುಕ್ಕಿನಲ್ಲಿ ಅಂಟಿಕೊಳ್ಳುವುದು ಅದರಿಂದಲೇ.

ಸಾಗರ ಟ್ಯಾಕ್ಸಿ

ಬೋಲ್ಟ್ ಅಂಟಿಕೊಂಡ ವಿಷಯ ಬಂತಲ್ಲ, ಒಂದು ಮಾತು. ತಲೆ ತಿರುಗುತ್ತಿದೆ, ಹೊರಗೆ ಬರುತ್ತಿಲ್ಲ ಎಂದರೆ ಬೋಲ್ಟ್ ನಳಿಗೆಯನ್ನೂ ಹಿಡಿದುಕೊಂಡು ರಬ್ಬರಿನೊಂದಿಗೆ ತಿರುಗುತ್ತಿದೆ ಎಂದು ಅರ್ಥ. ಅಂಥ ಹೊತ್ತಿನಲ್ಲಿ ಗ್ಯಾಸ್ ಹಿಡಿದು ಕಾಯಿಸಿದ್ದನ್ನು ನಾನು ಒಂದು ಕಡೆ ನೋಡಿದ್ದೇನೆ. ರಬ್ಬರು ಹೊತ್ತಿಕೊಂಡಿತು, ಪಕ್ಕದಲ್ಲೇ ಬ್ರೇಕ್ ಹೋಸ್. ಬೆಂಕಿ ಬೇಡವೇ ಬೇಡ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಬಿಡಿ, ಬೆಳಿಗ್ಗೆ ಇನ್ನೊಮ್ಮೆ ಹೊಡೆಯಿರಿ, ನಟ್ಟನ್ನು ತುದಿಗೆ ಸಮನಾಗಿ ಉಳಿಸಿಕೊಂಡು ಸುತ್ತಿಗೆಯಿಂದ ತಟ್ಟಿ. ಹೊಸ ಬೋಲ್ಟ್, ಹೊಸ ನಟ್ ಮೊದಲೇ ತಂದಿಟ್ಟುಕೊಳ್ಳಿ.

ಕೊಪ್ಪದ ಕಾಫಿ ಗಿಡ

ಜೀಪಿನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಇವತ್ತು ಕೆಳಗೆ ಇಣುಕಿ ನೋಡಿದೆ, ಅದು ಎರಡು ತುಂಡಿನ ರಬ್ಬರೇ.

ಮಾರಾಯರೇ, ನನಗೆ ಇನ್ನೊಂದು ತಿಳಿಯಬೇಕು. ಪ್ರೆಸ್ ಇಲ್ಲದೆ ಮನೆಯಲ್ಲೇ ಬುಷ್ ತೆಗೆದು ಕೂರಿಸಬಹುದೇ? ನಮ್ಮ ತೋಟದಿಂದ ಲೇತ್ ಅಂಗಡಿಗೆ ನಲವತ್ತು ಕಿಲೋಮೀಟರ್. ಆರ್ಮ್ ಬಿಚ್ಚಿದ ಮೇಲೆ ಕಾರು ಓಡುವುದಿಲ್ಲ. ಬಸ್ಸಿನಲ್ಲಿ ಆರ್ಮ್ ಹೊತ್ತುಕೊಂಡು ಹೋಗಬೇಕು. ಪಾಲಿಯುರೆಥೇನ್ ಬುಷ್ ಕೈಯಲ್ಲೇ ಕೂರುತ್ತದೆ ಎಂದು ಕೇಳಿದ್ದೇನೆ, ಅದು ಹೇಗೆ?

ಭದ್ರಾವತಿ ಫಿಟ್ಟರ್

ಪಾಲಿಯುರೆಥೇನ್ ಗಟ್ಟಿ, ಎಣ್ಣೆಗೂ ಬೇಗ ಕೆಡುವುದಿಲ್ಲ. ಆದರೆ ಅದರಲ್ಲಿ ಒಳನಳಿಗೆ ಜಾರಿ ತಿರುಗುತ್ತದೆ, ಅದಕ್ಕೆ ಅದರದೇ ಗ್ರೀಸ್ ಬೇಕು. ನಮ್ಮ ಕೆಸರು, ಮರಳು ಒಳಗೆ ಸೇರಿದರೆ ಕಿರುಗುಟ್ಟುತ್ತದೆ, ಸವೆಯುತ್ತದೆ. ಕಲ್ಲಿನ ದಾರಿಯ ಪೆಟ್ಟೆಲ್ಲ ಸ್ಟೀರಿಂಗಿಗೂ ಬೆನ್ನಿಗೂ ಬರುತ್ತದೆ. ಮಲೆನಾಡಿನ ಮನೆಯ ಕಾರಿಗೆ ರಬ್ಬರೇ ಸರಿ ಎಂಬುದು ನನ್ನ ಅಭಿಪ್ರಾಯ.

ಪ್ರೆಸ್ ಇಲ್ಲದೆ ಮಾಡಬಹುದು. ಬೇಕಾದದ್ದು ಗಟ್ಟಿ ಉಕ್ಕಿನ ಉದ್ದ ಬೋಲ್ಟ್, ದಪ್ಪ ವಾಷರುಗಳು, ಎರಡು ತುಂಡು ಪೈಪ್. ಒಂದು ಪೈಪಿನ ಒಳಅಳತೆ ಬುಷ್‌ನ ಹೊರಬಳೆಗಿಂತ ತುಸು ದೊಡ್ಡದು, ಹೊರಬರುವ ಬುಷ್‌ಗೆ ಅದೇ ಮನೆ. ಇನ್ನೊಂದರ ಹೊರಅಳತೆ ಹೊರಬಳೆಗಿಂತ ಕೂದಲೆಳೆಯಷ್ಟು ಸಣ್ಣದು, ತಳ್ಳುವುದು ಅದು. ಬೋಲ್ಟನ್ನು ನಡುವೆ ತೂರಿಸಿ ನಟ್ ಬಿಗಿಯುತ್ತ ಹೋದರೆ ಬುಷ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತದೆ. ದೊಡ್ಡ ಬೆಂಚ್ ವೈಸ್ ಇದ್ದರೆ ಅದೂ ಆಗುತ್ತದೆ.

ತಳ್ಳುವ ಪೈಪ್ ಹೊರಬಳೆಯ ಅಂಚಿನ ಮೇಲೇ ಕೂರಬೇಕು. ರಬ್ಬರಿನ ಮೇಲೆ, ಒಳನಳಿಗೆಯ ಮೇಲೆ ಒತ್ತಿದರೆ ಹಾಕುವ ಮೊದಲೇ ಬುಷ್ ಸೀಳುತ್ತದೆ. ಹಳೆಯದು ಜಪ್ಪಯ್ಯ ಎಂದರೂ ಬರದಿದ್ದರೆ ರಬ್ಬರನ್ನು ಕೊರೆದು ತೆಗೆದು, ಹ್ಯಾಕ್ಸಾ ಬ್ಲೇಡನ್ನು ಒಳಗೆ ತೂರಿಸಿ ಹೊರಬಳೆಯನ್ನು ಉದ್ದಕ್ಕೆ ಕೊಯ್ಯಿರಿ. ಬಳೆಯ ದಪ್ಪ ಮುಗಿಯುತ್ತ ಬಂದಾಗ ನಿಲ್ಲಿಸಿ ಉಳಿಯಿಂದ ಮಡಚಿ ತೆಗೆಯಿರಿ. ಬ್ಲೇಡ್ ಆರ್ಮ್‌ನ ಕಣ್ಣಿಗೆ ಗೀರು ಹಾಕಿದರೆ ಮುಂದೆ ಆ ಗೀರಿನಿಂದಲೇ ಬಿರುಕು ಹುಟ್ಟುತ್ತದೆ. ತಗಡು ಮಡಚಿ ಮಾಡಿದ ಆರ್ಮ್ ಆದರೆ ಕಣ್ಣಿನ ಕೆಳಗೆ ಆಧಾರ ಕೊಡದೆ ಸುತ್ತಿಗೆ ಬೀಸಬೇಡಿ, ಬಾಗುತ್ತದೆ.

ಮತ್ತೆ, ಹಳೆಯದನ್ನು ತೆಗೆಯುವ ಮೊದಲೇ ಅದು ಯಾವ ಮುಖವಾಗಿ ಕೂತಿತ್ತು ಎಂದು ಆರ್ಮ್ ಮೇಲೆ ಗುರುತು ಹಾಕಿ, ಫೋಟೋ ತೆಗೆದಿಡಿ. ಹಿಂದಿನ ಬುಷ್‌ಗಳಲ್ಲಿ ರಬ್ಬರಿನ ನಡುವೆ ಕಿಟಕಿಯಂಥ ಖಾಲಿ ಜಾಗ ಬಿಟ್ಟಿರುತ್ತಾರೆ. ಯಾವ ದಿಕ್ಕಿಗೆ ಮೆತ್ತಗೆ ಬಗ್ಗಬೇಕು, ಯಾವ ದಿಕ್ಕಿಗೆ ಗಟ್ಟಿ ನಿಲ್ಲಬೇಕು ಎಂಬ ಲೆಕ್ಕ ಅದು. ತಿರುಗಿಸಿ ಕೂರಿಸಿದರೆ ಬ್ರೇಕ್ ಹಿಡಿದಾಗ ಕಾರು ಎತ್ತಲೋ ಹೋಗುತ್ತದೆ.

ಆಗುಂಬೆ ತಿರುವು

ಸ್ಟ್ಯಾಂಡ್ ಕೊಳ್ಳಲೇಬೇಕೇ? ಮನೆ ಕಟ್ಟಿಸಿ ಉಳಿದ ಜಂಬಿಟ್ಟಿಗೆ ರಾಶಿ ಇದೆ. ನಾಲ್ಕು ಪೇರಿಸಿದರೆ ಆನೆ ನಿಂತರೂ ಬೀಳುವುದಿಲ್ಲ.

ಭದ್ರಾವತಿ ಫಿಟ್ಟರ್

ಬೇಡ. ದಯವಿಟ್ಟು ಬೇಡ. ಜಂಬಿಟ್ಟಿಗೆ ಗೋಡೆಯಲ್ಲಿ ಹರಡಿದ ಭಾರವನ್ನು ಹೊರುತ್ತದೆ. ಕಾರಿನ ಅಂಚು ಕೂರುವುದು ಎರಡು ಬೆರಳಗಲದ ಜಾಗದ ಮೇಲೆ. ಮಳೆಯಲ್ಲಿ ನೆನೆದ ಕಲ್ಲು ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ. ಸಿಮೆಂಟ್ ಬ್ಲಾಕ್ ಕೂಡ ಹಾಗೆಯೇ. ನಿಮ್ಮ ಎದೆ ಇರುವುದು ಅದರ ಪಕ್ಕದಲ್ಲಿ. ಜಾಕ್ ಇರುವುದು ಎತ್ತಲು ಮಾತ್ರ, ಹೊತ್ತು ನಿಲ್ಲಲು ಉಕ್ಕಿನ ಸ್ಟ್ಯಾಂಡೇ ಬೇಕು. ಕೆಳಗೆ ನುಸುಳುವ ಮೊದಲು ಕಾರನ್ನು ಭುಜ ಕೊಟ್ಟು ಜೋರಾಗಿ ಅಲ್ಲಾಡಿಸಿ ನೋಡಿ. ಬಿಚ್ಚಿದ ಚಕ್ರವನ್ನು ಬಾಗಿಲಿನ ಕೆಳಗೆ ಮಲಗಿಸಿಡಿ. ಸ್ಟ್ಯಾಂಡ್ ಇಲ್ಲದವರು ನೆರೆಯವರಿಂದ ಎರವಲು ತನ್ನಿ, ಅದೂ ಆಗದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಆಗುಂಬೆ ತಿರುವು

ಸರಿ, ತಿಳಿಯಿತು. ತೀರ್ಥಹಳ್ಳಿಗೆ ಹೋದಾಗ ತರುತ್ತೇನೆ.

ಗೋಪಾಳದ ಶಿಕ್ಷಕಿ, ಶಿವಮೊಗ್ಗ

ನಿನ್ನೆ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಹೋಗಿ, ಬೇರೆ ಕಡೆ ಕಾರು ಎತ್ತಿಸಿ ನೋಡಿಸಿದೆ. ನಾನೂ ಕೆಳಗೆ ಬಗ್ಗಿ ನೋಡಿದೆ. ಬಾಲ್ ಜಾಯಿಂಟ್ ಗಟ್ಟಿ ಇದೆ. ಆರ್ಮ್ ಬುಷ್‌ಗಳ ಮೇಲ್ಮೈಯಲ್ಲಿ ಸಣ್ಣ ಗೆರೆಗಳಿವೆ, ಹಾರೆ ಹಾಕಿದಾಗ ರಬ್ಬರು ತುಸು ಬಗ್ಗಿ ವಾಪಸಾಯಿತು, ಕಬ್ಬಿಣಕ್ಕೆ ಕಬ್ಬಿಣ ತಾಗಲಿಲ್ಲ, ಅದು ಇನ್ನೂ ಬಾಳುತ್ತದೆ ಎಂದರು. ಎರಡೂ ಲಿಂಕ್ ರಾಡ್ ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಕಟಕಟ ಎನ್ನುತ್ತಿದ್ದವು. ಅವೆರಡನ್ನೇ ಬದಲಾಯಿಸಿದರು. ಅರ್ಧ ಗಂಟೆಯ ಕೆಲಸ. ಎರಡೂ ಚಕ್ರ ಒಟ್ಟಿಗೆ ಎತ್ತಿದ್ದರಿಂದ ಸುಲಭವಾಯಿತು, ಒಂದೇ ಕಡೆ ಎತ್ತಿದ್ದರೆ ಸ್ಟೆಬಿಲೈಸರ್ ಕಂಬಿ ಮುರಿಗೆ ಹಾಕಿಕೊಂಡು ಬೋಲ್ಟ್ ಬಿಡುವುದಿಲ್ಲ ಎಂದು ಅಲ್ಲಿಯ ಹುಡುಗ ಹೇಳಿಕೊಟ್ಟ. ಶಬ್ದ ಪೂರ್ತಿ ನಿಂತಿದೆ. ಎರಡು ಆರ್ಮ್, ಎರಡು ಶಾಕ್ ಅಬ್ಸಾರ್ಬರಿನ ಖರ್ಚು ಉಳಿಯಿತು. ಫಿಟ್ಟರ್ ಸರ್, ನಿಮಗೆ ಕೃತಜ್ಞಳಾಗಿದ್ದೇನೆ.

ತೋಟದ ದಾರಿ, ಹೊಸನಗರ

ಕೆಲಸ ಮುಗಿಸಿ ಬರೆಯುತ್ತಿದ್ದೇನೆ. ಶನಿವಾರ ಬೆಳಿಗ್ಗೆ ಶುರು ಮಾಡಿ ಭಾನುವಾರ ಮಧ್ಯಾಹ್ನಕ್ಕೆ ಮುಗಿಯಿತು. ಎರಡೂ ದಿನ ಮಳೆ ಬಿಡಲಿಲ್ಲ. ಅಂಗಳದ ಮಣ್ಣಿನಲ್ಲಿ ಜಾಕ್ ಹೂತುಹೋಗುತ್ತದೆ, ಆದ್ದರಿಂದ ಅಡಿಕೆ ಬೇಯಿಸುವ ಶೆಡ್ಡಿನೊಳಗೆ ಕಾರು ತಂದೆ. ಈಗ ಕೊಯ್ಲಿನ ಕಾಲವಲ್ಲ, ಜಾಗ ಖಾಲಿ, ಸಿಮೆಂಟ್ ನೆಲ.

ಕಾರು ಎತ್ತುವ ಮೊದಲೇ ಚಕ್ರದ ನಡುವಿನಿಂದ ಮೇಲಿನ ಫೆಂಡರಿನ ಅಂಚಿಗೆ ಟೇಪ್ ಹಿಡಿದು ಅಳೆದು, ಗೋಡೆಯ ಮೇಲೆ ಬರೆದಿಟ್ಟೆ. ಎಡಕ್ಕೆ 368 ಮಿಲಿಮೀಟರ್, ಬಲಕ್ಕೆ 371. ಇದು ಏಕೆ ಎಂದು ಮುಂದೆ ಹೇಳುತ್ತೇನೆ.

ಸಾಗರದವರ ಮಾತು ಕೇಳಿ ಈ ಸಲ ಪೂರ್ತಿ ಆರ್ಮ್‌ಗಳನ್ನೇ ತಂದೆ. ಹಳೆಯ ಬಾಲ್ ಜಾಯಿಂಟಿನ ರಬ್ಬರ್ ಟೋಪಿ ಹರಿದು ಒಳಗೆ ಕೆಂಪು ಮಣ್ಣು ಹೋಗಿತ್ತು, ಅಂದರೆ ಹೇಗೂ ಬದಲಾಯಿಸಬೇಕಿತ್ತು. ಬುಷ್ ಮಾತ್ರ ಹಾಕಬೇಕೆಂದು ಕೂತಿದ್ದರೆ ಇದನ್ನು ನೋಡುತ್ತಿರಲಿಲ್ಲ. ಎರಡೂ ಕಡೆ ಒಟ್ಟಿಗೇ ಹಾಕಿದೆ.

ಬಲಗಡೆ ಸಲೀಸಾಗಿ ಬಂತು. ಎಡಗಡೆಯ ಮುಂದಿನ ಬೋಲ್ಟ್ ನಳಿಗೆಗೆ ಅಂಟಿಕೊಂಡಿತ್ತು. ಎಂಟೇ ತಿಂಗಳ ಹಿಂದೆ ಹೊಸದಾಗಿ ಹಾಕಿದ್ದು! ಒಣಗಿದ ಬೋಲ್ಟನ್ನೇ ತೂರಿಸಿದ್ದೆ. ರಾತ್ರಿಯಿಡೀ ಎಣ್ಣೆಯಲ್ಲಿ ಬಿಟ್ಟು ಬೆಳಿಗ್ಗೆ ತಟ್ಟಿದರೆ ಸರಿಯಿತು. ಈ ಸಲ ಬೋಲ್ಟಿನ ನಡುಭಾಗಕ್ಕೆ, ಎಂದರೆ ನಳಿಗೆಯೊಳಗೆ ಇರುವ ಭಾಗಕ್ಕೆ ಮಾತ್ರ, ತೆಳುವಾಗಿ ತುಕ್ಕು ತಡೆಯುವ ಗ್ರೀಸ್ ಸವರಿದೆ. ರಬ್ಬರಿಗೂ ತಾಗಿಸಲಿಲ್ಲ, ಬೋಲ್ಟಿನ ಹಲ್ಲಿಗೂ ತಾಗಿಸಲಿಲ್ಲ. ಹಲ್ಲಿಗೆ ಗ್ರೀಸ್ ತಾಗಿದರೆ ಟಾರ್ಕ್ ಲೆಕ್ಕ, ಎಂದರೆ ಎಷ್ಟು ಬಲದಿಂದ ಬಿಗಿಯಬೇಕೆಂಬ ಲೆಕ್ಕ, ತಪ್ಪುತ್ತದೆ, ಅದೇ ಬಲಕ್ಕೆ ಬೋಲ್ಟ್ ಹೆಚ್ಚು ಎಳೆದುಕೊಳ್ಳುತ್ತದೆ.

ಬಾಲ್ ಜಾಯಿಂಟ್ ಬಿಡಿಸುವಾಗ ಇನ್ನೊಂದು ಎಚ್ಚರ. ಆರ್ಮ್ ಕೆಳಗೆ ಇಳಿದ ಮೇಲೆ ಚಕ್ರದ ಹಬ್ ಹೊರಕ್ಕೆ ಜೋಲುತ್ತದೆ. ಅದನ್ನು ಹಾಗೆಯೇ ಬಿಟ್ಟರೆ ಡ್ರೈವ್ ಶಾಫ್ಟಿನ ಒಳಜಾಯಿಂಟ್ ಬಿಟ್ಟುಕೊಳ್ಳಬಹುದು, ಬ್ರೇಕ್ ಹೋಸ್ ಎಳೆದುಕೊಳ್ಳಬಹುದು. ಹಬ್ಬನ್ನು ಹಗ್ಗದಿಂದ ಒಳಕ್ಕೆ ಕಟ್ಟಿದ್ದೆ. ಹಗ್ಗ ಬಿಗಿಯಲು ತಮ್ಮ ಇದ್ದ, ಒಬ್ಬರಿಗೆ ಇದು ಕಷ್ಟ.

ಈಗ ಕೊನೆಯ ಬಿಗಿ. ಕಾರು ಇಳಿಸಿದರೆ ನನ್ನ ತೋಳು ಬೋಲ್ಟಿನವರೆಗೆ ಹೋಗುವುದಿಲ್ಲ, ಸ್ಪ್ಯಾನರ್ ಆಡಿಸಲು ಜಾಗವಿಲ್ಲ. ಫಿಟ್ಟರ್ ಸರ್‌ಗೆ ಫೋನಿನಲ್ಲಿ ಕೇಳಿದೆ. ಅವರು ಹೇಳಿದ್ದು ಹೀಗೆ: ಕಾರು ಸ್ಟ್ಯಾಂಡ್ ಮೇಲೆ ಇರಲಿ, ಆರ್ಮ್‌ನ ಹೊರತುದಿಗೆ, ಬಾಲ್ ಜಾಯಿಂಟಿನ ಪಕ್ಕದಲ್ಲಿ ಜಾಕ್ ಕೊಟ್ಟು, ಬರೆದಿಟ್ಟ ಅಳತೆ ಬರುವವರೆಗೆ ಎತ್ತಿ. ಎಡಗಡೆ 368 ಬಂದಾಗ ಕಾರಿನ ಭಾರ ಸ್ಟ್ಯಾಂಡಿನಿಂದ ಜಾಕಿಗೆ ಬರುತ್ತಿರುವುದು ಕಣ್ಣಿಗೆ ಕಂಡಿತು. ಸ್ಟ್ಯಾಂಡ್ ಬಿಟ್ಟು ಮೇಲೇಳದಂತೆ ಅಲ್ಲಿಗೇ ನಿಲ್ಲಿಸಿದೆ. ಆ ಭಂಗಿಯಲ್ಲಿ ಆರ್ಮ್ ಹೆಚ್ಚುಕಡಿಮೆ ನೆಲಕ್ಕೆ ಸಮನಾಗಿ ನಿಂತಿತ್ತು. ಜೋತಾಡುವಾಗ ಇದ್ದ ಓರೆಯನ್ನೂ ಇದನ್ನೂ ನೋಡಿದರೆ, ಎಂಟು ತಿಂಗಳು ಆ ರಬ್ಬರು ಏನು ಸಹಿಸಿಕೊಂಡಿತ್ತು ಎಂದು ವಿವರಣೆಯೇ ಬೇಕಾಗಲಿಲ್ಲ.

ನನ್ನ ಕಾರಿನ ಪುಸ್ತಕದಲ್ಲಿ ಈ ಬೋಲ್ಟಿಗೆ 95 ನ್ಯೂಟನ್ ಮೀಟರ್ ಎಂದಿದೆ. ನಿಮ್ಮದಕ್ಕೆ ನಿಮ್ಮ ಪುಸ್ತಕವನ್ನೇ ನೋಡಿ. ಟಾರ್ಕ್ ರೆಂಚ್ ಎರವಲು ಸಿಕ್ಕಿತು. ಸಿಗದವರಿಗೆ ಒಂದು ಅಂದಾಜು: ಅರ್ಧ ಮೀಟರ್ ಉದ್ದದ ಹಿಡಿಕೆಯ ತುದಿಗೆ 20 ಕಿಲೋ ತೂಕದಷ್ಟು ಒತ್ತಿದರೆ 98 ನ್ಯೂಟನ್ ಮೀಟರ್ ಆಗುತ್ತದೆ. ಹಿಂದಿನ ಸಲ ನಾನು ಒಂದು ಮೀಟರ್ ಪೈಪಿಗೆ ಮೈಭಾರ ಹಾಕಿ ಬಿಗಿದಿದ್ದೆ, ಎಷ್ಟು ಹೆಚ್ಚಾಗಿತ್ತು ಎಂದು ಈಗ ಲೆಕ್ಕ ಹಾಕಿದರೆ ಗಾಬರಿಯಾಗುತ್ತದೆ.

ಕೊಪ್ಪದ ಕಾಫಿ ಗಿಡ

ಅಳತೆ ಬರೆದಿಡುವ ಉಪಾಯ ಬಹಳ ಹಿಡಿಸಿತು. ಅಳೆಯುವಾಗ ಕಾರು ಖಾಲಿ ಇರಬೇಕೋ, ಜನ ಕೂತಿರಬೇಕೋ?

ಭದ್ರಾವತಿ ಫಿಟ್ಟರ್

ಸಾಮಾನ್ಯವಾಗಿ ಖಾಲಿ ಕಾರು, ಸಮತಟ್ಟು ನೆಲ, ನಾಲ್ಕೂ ಟೈರಿನಲ್ಲಿ ಸರಿಯಾದ ಗಾಳಿ. ಹೊರಗಿನಿಂದ ಬಂದು ನಿಲ್ಲಿಸಿದ ಮೇಲೆ ಅಳೆಯಿರಿ. ಜಾಕಿನಿಂದ ಇಳಿಸಿದ ತಕ್ಷಣ ಅಳೆದರೆ ಚಕ್ರ ಒಳಕ್ಕೆ ಸೆಟೆದುಕೊಂಡು ಕಾರು ಎತ್ತರವಾಗಿಯೇ ನಿಂತಿರುತ್ತದೆ, ಹತ್ತು ಹೆಜ್ಜೆ ಹಿಂದೆ ಮುಂದೆ ಓಡಿಸಿದರೆ ಕೂರುತ್ತದೆ.

ಹೊಸನಗರದವರು ಅಲೈನ್‌ಮೆಂಟ್ ಮಾಡಿಸಿ. ಒಂದು ವಾರ ಓಡಿದ ಮೇಲೆ ಬೋಲ್ಟ್‌ಗಳ ಮೇಲೆ ಒಮ್ಮೆ ರೆಂಚ್ ಇಟ್ಟು ನೋಡಿ.

ತೋಟದ ದಾರಿ, ಹೊಸನಗರ

ಸೋಮವಾರ ಅಲೈನ್‌ಮೆಂಟ್ ಆಯಿತು. ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಲೆಕ್ಕ) ಬಹಳ ಹೊರಗೆ ಹೋಗಿತ್ತು, ಸರಿ ಮಾಡಿಕೊಟ್ಟರು. ಇವತ್ತು ಹುಲಿಕಲ್ ಇಳಿದು ಸಿದ್ದಾಪುರದವರೆಗೆ ಹೋಗಿ ಬಂದೆ. ದಾರಿಯುದ್ದಕ್ಕೂ ಮಂಜು, ನೀರು. ತಿರುವಿನಲ್ಲಿ ಬ್ರೇಕ್ ಹಿಡಿದಾಗ ಸ್ಟೀರಿಂಗ್ ಕೈಯಲ್ಲಿ ನೆಟ್ಟಗಿತ್ತು, ಎಡಕ್ಕೆ ಒಂದಿಷ್ಟೂ ಎಳೆಯಲಿಲ್ಲ. ಗೋಡೆಯ ಮೇಲಿನ 368, 371 ಅಳಿಸದೆ ಹಾಗೆಯೇ ಬಿಟ್ಟಿದ್ದೇನೆ. ಅದರ ಪಕ್ಕದಲ್ಲಿ ಇವತ್ತಿನ ತಾರೀಕು ಮತ್ತು ಕಿಲೋಮೀಟರ್ ಬರೆದೆ.